ಗಾನದ ಹಿಂದಿನ ಪ್ರಾರ್ಥನೆ: ಮರಿಯಾ ವಾನ್ ಟ್ರಾಪ್ ಅವರ ಜೀವನ

‘ದಿ ಸೌಂಡ್ ಆಫ್ ಮ್ಯೂಸಿಕ್’ ಎಂಬ ಚಲನಚಿತ್ರವನ್ನು ನೋಡದ, ಕಡೆಯಪಕ್ಷ ಅದರ ಹೆಸರನ್ನಾದರೂ ಕೇಳದ ಕಥೋಲಿಕ ಕುಟುಂಬ ನಮ್ಮಲ್ಲಿ ವಿರಳವೆಂದೇ ಹೇಳಬೇಕು. 1965ರ ಮಾರ್ಚ್ ತಿಂಗಳಿನಲ್ಲಿ ಅಮೆರಿಕದಲ್ಲಿ ತೆರೆಕಂಡು, ಐದು ಆಸ್ಕರ್ ಪ್ರಶಸ್ತಿಗಳನ್ನು ಪಡೆದ ಈ ಚಿತ್ರಕ್ಕೆ ಈಗ ಅರವತ್ತು ವರ್ಷಗಳು ಸಂದಿವೆ. ಆದರೂ ಅಜ್ಜಿಯೂ ಮೊಮ್ಮಗಳೂ ಒಂದೇ ಕಡೆ ಕುಳಿತು ಸಂಕೋಚವಿಲ್ಲದೆ ನೋಡಬಲ್ಲ ಚಿತ್ರವೆಂಬ ಅದರ ಕೀರ್ತಿ ಮಾಸಿಲ್ಲ. ರಿಚರ್ಡ್ ರಾಡ್ಜರ್ಸ್ ಅವರ ರಾಗಗಳು, ಜೂಲಿ ಆಂಡ್ರೂಸ್ ಅವರ ಕಂಠ, ಸಾಲ್ಜ್‌ಬರ್ಗ್ ಸೀಮೆಯ ಹಸಿರು ಬೆಟ್ಟಗಳು ಇದಕ್ಕೆ ಕಾರಣವೆಂಬುದು ನಿಜ. ಆದರೆ ಕಥೆಯ ಬೇರು ಇರುವುದು ನಿಜವಾಗಿ ಬಾಳಿದ ಒಬ್ಬ ಸ್ತ್ರೀಯ ಜೀವನದಲ್ಲಿ. ನಮ್ಮ ದೇವಾಲಯದ ಶತಮಾನೋತ್ಸವದ ಈ ಸಂಚಿಕೆಯಲ್ಲಿ ಆ ಜೀವನವನ್ನು ಸಂಕ್ಷೇಪವಾಗಿ ನೆನೆಯಲು ನಾವು ಬಯಸುತ್ತೇವೆ.

ಮರಿಯಾ ಆಗಸ್ಟಾ ಕುಚೆರಾ ಜನಿಸಿದ್ದು 1905ರ ಜನವರಿಯಲ್ಲಿ, ವಿಯೆನ್ನಾ ನಗರದ ಕಡೆಗೆ ಓಡುತ್ತಿದ್ದ ರೈಲುಗಾಡಿಯೊಳಗೆ. ಚಿಕ್ಕಂದಿನಲ್ಲಿಯೇ ತಾಯಿಯನ್ನೂ ಅನಂತರ ತಂದೆಯನ್ನೂ ಕಳೆದುಕೊಂಡು ಪರರ ಆಶ್ರಯದಲ್ಲಿ ಬೆಳೆದರು. ಪೋಷಕನಾಗಿದ್ದವನು ಕಠೋರ ಸ್ವಭಾವದವನು, ಧರ್ಮಸಭೆಯನ್ನು ಹಾಸ್ಯಮಾಡುವವನು. ಆ ಮನೆಯಲ್ಲಿ ದೇವರ ಹೆಸರಿಗೆ ಗೌರವವಿರಲಿಲ್ಲ. ಹುಡುಗಿಯೂ ಹಾಗೆಯೇ ಬೆಳೆದಳು. ವಿಯೆನ್ನಾದ ಶಿಕ್ಷಕರ ಕಾಲೇಜಿನಲ್ಲಿ ಓದುತ್ತಿದ್ದಾಗ ಆಕೆಗೆ ವಿಶ್ವಾಸವಿರಲಿಲ್ಲ. ಸಂಗೀತದ ಮೇಲಿನ ಪ್ರೀತಿ ಮಾತ್ರವಿತ್ತು. ದೈವಕೃಪೆ ಆ ಪ್ರೀತಿಯನ್ನೇ ಬಾಗಿಲಾಗಿ ಬಳಸಿಕೊಂಡಿತು. ಒಂದು ಗರಿಗಳ ಭಾನುವಾರದಂದು ಬಾಖ್ ಎಂಬ ಮಹಾ ಸಂಗೀತಗಾರನ ಕೃತಿಯನ್ನು ಕೇಳಬಹುದೆಂದು ಜನದಟ್ಟಣೆಯಿದ್ದ ದೇವಾಲಯವೊಂದನ್ನು ಹೊಕ್ಕ ಆಕೆಯ ಕಿವಿಗೆ ಬಿದ್ದದ್ದು ಯೇಸುಸಭೆಯ ಗುರುವೊಬ್ಬರ ಪ್ರಬೋಧನೆ. ಜನಸಂದಣಿಯಿಂದಾಗಿ ಹೊರಬರಲೂ ಆಗಲಿಲ್ಲ. ಪ್ರಬೋಧನೆ ಮುಗಿದ ಮೇಲೆ ಆ ಗುರುಗಳನ್ನು ತಡೆದು ವಾದಿಸಿದ ಹುಡುಗಿ, ಕಡೆಗೆ ತಲೆಬಾಗಿದಳು.

ಮರಿಯಾ ಅವರ ಸ್ವಭಾವದಲ್ಲಿ ಅರೆಮನಸ್ಸೆಂಬುದು ಇರಲಿಲ್ಲ. ದೇವರಿಗೆ ಕೊಡುವುದಾದರೆ ಎಲ್ಲವನ್ನೂ ಕೊಡಬೇಕೆಂದು ನಿಶ್ಚಯಿಸಿ 1924ರಲ್ಲಿ ಸಾಲ್ಜ್‌ಬರ್ಗಿನ ನಾನ್‌ಬರ್ಗ್ ಕನ್ಯಾಮಠದ ಬಾಗಿಲು ತಟ್ಟಿದರು. ಎಂಟನೆಯ ಶತಮಾನದ ಆರಂಭದಲ್ಲಿ ಸಂತ ರೂಪರ್ಟರು ಸ್ಥಾಪಿಸಿದ, ಬೆನೆಡಿಕ್ಟ್ ಸಭೆಯ ಕನ್ಯಾಸ್ತ್ರೀಯರ ಪ್ರಾಚೀನ ಮಠವದು. ಮೌನವೂ ವಿಧೇಯತೆಯೂ ಆಳುವ ಆ ಆವರಣದಲ್ಲಿ ಈ ಗಟ್ಟಿದನಿಯ, ಅವಸರದ ನಡಿಗೆಯ ಅಭ್ಯರ್ಥಿನಿ ಮಠದ ಹಿರಿಯರಿಗೆ ದೊಡ್ಡ ಚಿಂತೆಯಾದರು. ಚಿತ್ರದಲ್ಲಿ ಈ ಭಾಗ ಬಹುಮಟ್ಟಿಗೆ ಸತ್ಯಕ್ಕೆ ಹತ್ತಿರವಾಗಿದೆ.

1926ರಲ್ಲಿ ಮಠಮಾತೆಯವರು ಅವರನ್ನು ಹೊರಗೆ ಒಂದು ಕೆಲಸಕ್ಕೆ ಕಳುಹಿಸಿದರು. ಆಸ್ಟ್ರಿಯ–ಹಂಗರಿ ಸಾಮ್ರಾಜ್ಯದ ನೌಕಾಪಡೆಯಲ್ಲಿ ಜಲಾಂತರ್ಗಾಮಿಯ ನಾಯಕನಾಗಿ ಹೆಸರುಗಳಿಸಿದ್ದ ಗೇಯಾರ್ಗ್ ವಾನ್ ಟ್ರಾಪ್ 1922ರಲ್ಲಿ ಪತ್ನಿ ಆಗಾಥೆಯವರನ್ನು ಕಳೆದುಕೊಂಡು ಏಳು ಮಕ್ಕಳೊಡನೆ ವಾಸಿಸುತ್ತಿದ್ದರು. ಆ ಮಕ್ಕಳಲ್ಲಿ ಮರಿಯಾ ಎಂಬ ಹೆಸರಿನವಳೇ ಆದ ಒಬ್ಬ ಹುಡುಗಿ ಕಾಯಿಲೆಯಿಂದ ಬಹಳ ನಿತ್ರಾಣಳಾಗಿ ಶಾಲೆಗೆ ನಡೆದುಹೋಗಲಾರದವಳಾಗಿದ್ದಳು. ಅವಳೊಬ್ಬಳಿಗೆ ಮನೆಯಲ್ಲಿ ಪಾಠ ಹೇಳುವುದಷ್ಟೇ ಕೆಲಸ. ಈ ದುರ್ಬಲ ಹುಡುಗಿಯನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಕಡೆಯಲ್ಲಿ ಅವಳ ಮಾತು ಬರಲಿದೆ.

ಚಿತ್ರದ ತಂದೆ ಸೀಟಿ ಊದಿ ಮಕ್ಕಳನ್ನು ಸಿಪಾಯಿಗಳಂತೆ ನಡೆಸುವ, ಹಾಡನ್ನು ಮನೆಯಿಂದ ಹೊರದೂಡಿದ ಮನುಷ್ಯ. ನಿಜವಾದ ತಂದೆ ಮೃದುಹೃದಯಿ, ಸಂಗೀತಪ್ರೇಮಿ. ತಮ್ಮ ತಂದೆಯನ್ನು ಲೋಕಕ್ಕೆ ಹೀಗೆ ತೋರಿಸಿದ್ದಕ್ಕಾಗಿ ಮಕ್ಕಳು ಬಹುಕಾಲ ನೊಂದುಕೊಂಡರು. ಆತನು ವಿವಾಹದ ಪ್ರಸ್ತಾಪ ಮಾಡಿದಾಗ ಮರಿಯಾ ಮಠಕ್ಕೆ ಓಡಿ ಮಠಮಾತೆಯವರ ಮುಂದೆ ನಿಂತರು. ತಮ್ಮನ್ನು ಮಠದಲ್ಲಿಯೇ ಉಳಿಸಿಕೊಳ್ಳುವರೆಂಬುದು ಅವರ ನಿರೀಕ್ಷೆ. ಆದರೆ ಪ್ರಾರ್ಥಿಸಿ ಆಲೋಚಿಸಿದ ಮೇಲೆ ಆ ಮನೆಯೇ ಆಕೆಗೆ ದೇವರು ತೋರಿಸಿದ ಸ್ಥಳವೆಂಬ ನಿರ್ಣಯ ಬಂತು. 1927ರ ನವೆಂಬರ್ 26ರಂದು ನಾನ್‌ಬರ್ಗ್ ಮಠದ ದೇವಾಲಯದಲ್ಲಿಯೇ ಮದುವೆ ನಡೆಯಿತು. ವರನಿಗೆ 47 ವಯಸ್ಸು, ವಧುವಿಗೆ 22. ಮಕ್ಕಳನ್ನು ತಾವು ಒಲಿದಿದ್ದರೂ ಪತಿಯನ್ನು ಆಗ ಒಲಿದಿರಲಿಲ್ಲವೆಂದು, ಆ ಒಲವು ಸಂಸಾರದಲ್ಲಿ ಕ್ರಮೇಣ ಬೆಳೆದು ಜೀವನದ ಮಹಾಪ್ರೇಮವಾಯಿತೆಂದು ಮರಿಯಾ ಮುಂದೆ ನಿರ್ವಂಚನೆಯಿಂದ ಬರೆದಿದ್ದಾರೆ. ದೈವಕರೆ ನಮ್ಮ ಇಷ್ಟದ ಹಾದಿಯಲ್ಲಿಯೇ ಬರುವುದೆಂದು ನಂಬುವ ನಮಗೆಲ್ಲ ಇದು ಯೋಚಿಸತಕ್ಕ ಮಾತು.

1935ರಲ್ಲಿ ಹಣವಿಟ್ಟಿದ್ದ ಬ್ಯಾಂಕು ಮುಳುಗಿ ಕುಟುಂಬದ ಐಶ್ವರ್ಯ ಕರಗಿಹೋಯಿತು. ಸೇವಕರನ್ನು ಬಿಡಿಸಿ, ಮನೆಯವರೆಲ್ಲ ಮೇಲಿನ ಅಂತಸ್ತಿಗೆ ಸರಿದು, ಉಳಿದ ಕೋಣೆಗಳನ್ನು ಬಾಡಿಗೆಗೆ ಕೊಟ್ಟರು. ಮೇತ್ರಾಣಿಗಳ ಅಪ್ಪಣೆ ಪಡೆದು ಮನೆಯಲ್ಲಿಯೇ ಒಂದು ಪ್ರಾರ್ಥನಾಲಯವನ್ನು ಮಾಡಿಕೊಂಡರು. ಅಲ್ಲಿ ಬಲಿಪೂಜೆ ಅರ್ಪಿಸಲು ಬಂದವರೇ ಪೂಜ್ಯ ಫ್ರಾನ್ಜ್ ವಾಸ್ನರ್ ಎಂಬ ತರುಣ ಗುರುಗಳು. ಪೂಜೆಯಲ್ಲಿ ಕುಟುಂಬ ಹಾಡಿದ್ದನ್ನು ಕೇಳಿ, ಚೆನ್ನಾಗಿದೆಯೆಂದು ಹೊಗಳಿ ಸುಮ್ಮನಾಗದೆ, ಎಲ್ಲೆಲ್ಲಿ ತಿದ್ದಬೇಕೆಂದು ತೋರಿಸಿಕೊಟ್ಟರು. ಅಂದಿನಿಂದ ಇಪ್ಪತ್ತು ವರ್ಷ ಅವರೇ ಆ ಗಾನವೃಂದದ ನಿರ್ದೇಶಕರು. ಚಿತ್ರದಲ್ಲಿ ಅವರ ಸುಳಿವೇ ಇಲ್ಲ. ಅವರ ಸ್ಥಾನದಲ್ಲಿ ಹಾಸ್ಯಪ್ರವೃತ್ತಿಯ ಒಬ್ಬ ವ್ಯವಹಾರಸ್ಥನನ್ನು ನಿಲ್ಲಿಸಿದ್ದಾರೆ. ಈ ಕುಟುಂಬದ ಹಾಡು ಪೂಜಾಪೀಠದ ಬಳಿ ಪಳಗಿತೆಂಬುದನ್ನು ಮರೆಸಿದ ಈ ಲೋಪವನ್ನು ಸೂಚಿಸದೆ ಬಿಡಲು ನಮ್ಮ ಮನಸ್ಸು ಒಪ್ಪದು. 1936ರಲ್ಲಿ ಸಾಲ್ಜ್‌ಬರ್ಗಿನ ಸ್ಪರ್ಧೆಯಲ್ಲಿ ಬಹುಮಾನ ಬಂದ ಮೇಲೆ ಯೂರೋಪಿನ ಅನೇಕ ನಗರಗಳು ಅವರನ್ನು ಆಹ್ವಾನಿಸಿದವು.

1938ರ ಮಾರ್ಚ್ ತಿಂಗಳಲ್ಲಿ ಹಿಟ್ಲರನು ಆಸ್ಟ್ರಿಯವನ್ನು ನುಂಗಿದನು. ಅನಂತರ ಕುಟುಂಬಕ್ಕೆ ಒಂದರ ಹಿಂದೊಂದು ಮೂರು ಆಮಿಷಗಳು ಬಂದವು: ತಂದೆಗೆ ಜರ್ಮನ್ ನೌಕಾಪಡೆಯಲ್ಲಿ ಅಧಿಕಾರ, ವೈದ್ಯನಾಗಿದ್ದ ಹಿರಿಯ ಮಗ ರೂಪರ್ಟನಿಗೆ ವಿಯೆನ್ನಾದ ಆಸ್ಪತ್ರೆಯಲ್ಲಿ ಹುದ್ದೆ, ಮನೆಯವರೆಲ್ಲರಿಗೂ ಹಿಟ್ಲರನ ಜನ್ಮದಿನದ ಸಂಭ್ರಮದಲ್ಲಿ ಹಾಡುವ ಗೌರವ. ಆಸ್ತಿ ಕಳೆದುಕೊಂಡಿದ್ದ ಕುಟುಂಬಕ್ಕೆ ಇವು ಸಣ್ಣ ಕೊಡುಗೆಗಳಲ್ಲ. ಮೂರನ್ನೂ ನಿರಾಕರಿಸಿದರು. ನಿರಾಕರಿಸಿದವರಿಗೆ ಆ ನಾಡಿನಲ್ಲಿ ಉಳಿಗಾಲವಿಲ್ಲವೆಂದು ಅವರಿಗೆ ಗೊತ್ತಿತ್ತು. ಚಿತ್ರದಲ್ಲಿ ಕಾಣುವಂತೆ ಅವರು ಬೆಟ್ಟ ಹತ್ತಿ ಓಡಲಿಲ್ಲ. ಬೆನ್ನಿಗೆ ಗಂಟು ಹೊತ್ತು, ರೈಲು ಹಿಡಿದು ಇಟಲಿಯನ್ನು ಸೇರಿದರು. ಆಗ ಮರಿಯಾ ವಿವಾಹವಾಗಿ ಹತ್ತು ವರ್ಷ ಕಳೆದಿತ್ತು. ತಮ್ಮ ಒಡಲಿನ ಇಬ್ಬರು ಹೆಣ್ಣುಮಕ್ಕಳಿದ್ದು, ಮೂರನೆಯ ಮಗುವಿಗೆ ಗರ್ಭಿಣಿಯಾಗಿದ್ದರು. ಅವರು ಬಿಟ್ಟುಬಂದ ಮನೆ ಮುಂದೆ ಕ್ರೂರಿಯಾದ ಹಿಮ್ಲರನ ಬಿಡಾರವಾಯಿತು.

ಅಮೆರಿಕದ ಬಾಳು ಸುಗಮವಾಗಿರಲಿಲ್ಲ. ಭಾಷೆ ಬಾರದು, ಕೈಯಲ್ಲಿ ಹಣವಿಲ್ಲ. ವೀಸಾದ ಅವಧಿ ಮುಗಿದು ಮತ್ತೆ ಯೂರೋಪಿಗೆ ಹೋಗಿ 1939ರಲ್ಲಿ ಹಿಂದಿರುಗಿದಾಗ, ಈ ದೇಶವನ್ನು ಇನ್ನು ಬಿಡುವ ಮನಸ್ಸೇ ಇಲ್ಲವೆಂಬರ್ಥದ ಮಾತು ಅಧಿಕಾರಿಗಳ ಮುಂದೆ ಮರಿಯಾ ಅವರ ಬಾಯಿಂದ ಬಂದುಬಿಟ್ಟಿತು; ಫಲವಾಗಿ ಮನೆಮಂದಿಯನ್ನು ಎಲ್ಲಿಸ್ ದ್ವೀಪದಲ್ಲಿ ಕೆಲವು ದಿನ ತಡೆದಿಟ್ಟರು. ಬಸ್ಸಿನಲ್ಲಿ ಊರೂರು ಸುತ್ತಿ ಹಾಡಿ ಕೂಡಿಸಿದ ಹಣದಿಂದ 1942ರಲ್ಲಿ ವರ್ಮಾಂಟ್ ಪ್ರಾಂತದ ಸ್ಟೋ ಎಂಬಲ್ಲಿ ಒಂದು ಹಳೆಯ ತೋಟದ ಮನೆಯನ್ನು ಕೊಂಡರು. ಯುದ್ಧ ಮುಗಿದ ಮೇಲೆ ತಾಯ್ನಾಡು ಹಸಿದಿದೆಯೆಂದು ತಿಳಿದಾಗ, ತಾವೇ ಬಡವರಾಗಿದ್ದರೂ 1947ರಲ್ಲಿ ಪರಿಹಾರ ಸಂಸ್ಥೆಯೊಂದನ್ನು ಕಟ್ಟಿ, ಕಚೇರಿ ನಡೆದಲ್ಲೆಲ್ಲ ಜನರಿಂದ ಆಹಾರ, ಬಟ್ಟೆಗಳನ್ನು ಬೇಡಿ ಆಸ್ಟ್ರಿಯಕ್ಕೆ ಕಳುಹಿಸಿದರು. ಅದೇ ವರ್ಷ ಮೇ 30ರಂದು ಗೇಯಾರ್ಗ್ ತೀರಿಕೊಂಡರು.

1949ರಲ್ಲಿ ಮರಿಯಾ ತಮ್ಮ ಕುಟುಂಬದ ಕಥೆಯನ್ನು ಪುಸ್ತಕವಾಗಿ ಹೊರತಂದರು. ಅದರ ಚಲನಚಿತ್ರದ ಹಕ್ಕನ್ನು ಸುಮಾರು 9,000 ಡಾಲರುಗಳಿಗೆ ಜರ್ಮನ್ ನಿರ್ಮಾಪಕರಿಗೆ ಕೊಟ್ಟುಬಿಟ್ಟಿದ್ದರಿಂದ ಮುಂದೆ ಹರಿದ ಕೋಟಿಗಟ್ಟಲೆ ಹಣದ ಬಹುಪಾಲು ಅವರ ಕೈಸೇರಲಿಲ್ಲ. 1959ರಲ್ಲಿ ನ್ಯೂಯಾರ್ಕಿನ ರಂಗಭೂಮಿಯ ಮೇಲೆ ಸಂಗೀತ ನಾಟಕವಾಗಿ, ಅನಂತರ ಚಲನಚಿತ್ರವಾಗಿ ಕಥೆ ಲೋಕವನ್ನು ಸುತ್ತಿತು. ಚಿತ್ರದ ಒಂದು ದೃಶ್ಯದಲ್ಲಿ ಕಮಾನಿನ ಹಿಂದೆ ದೂರದಲ್ಲಿ ಹಾದುಹೋಗುವ ಹೆಂಗಸರಲ್ಲಿ ಮರಿಯಾ ಅವರೂ ಒಬ್ಬರು. ಗುರುತಿಸುವವರು ಬಹಳ ಕಡಿಮೆ.

ಅವರನ್ನು ಸಂತರ ಪಟ್ಟಿಗೆ ಸೇರಿಸುವುದು ನಮ್ಮ ಉದ್ದೇಶವಲ್ಲ. ತಾಯಿಯವರ ಕೋಪ ಸಿಡಿಲಿನಂತೆ ಎರಗುತ್ತಿತ್ತೆಂದು, ಹಠದಲ್ಲಿ ಅವರನ್ನು ಮೀರಿಸುವವರಿರಲಿಲ್ಲವೆಂದು ಮಕ್ಕಳೇ ಹೇಳಿದ್ದಾರೆ. ಎಲ್ಲರನ್ನೂ ಒಂದೇ ಕಡೆ ಹಿಡಿದಿಟ್ಟು ವರ್ಷವರ್ಷವೂ ಹಾಡಿಸಿದ್ದು ಕೆಲವರಿಗೆ ಭಾರವಾಗಿತ್ತು. ಆದರೆ ಅದೇ ಹಠವಿಲ್ಲದಿದ್ದರೆ ಆ ಕುಟುಂಬ ಪರದೇಶದಲ್ಲಿ ಚದುರಿಹೋಗುತ್ತಿತ್ತು. ದೇವರು ತಿದ್ದಿ ಮುಗಿಸಿದ ಪಾತ್ರೆಗಳನ್ನು ಮಾತ್ರ ಬಳಸುವುದಾದರೆ ನಮ್ಮಲ್ಲಿ ಯಾರಿಗೂ ಕೆಲಸವಿರದು.

ಗಾನವೃಂದ ಕಲೆತು ಹಾಡುವುದನ್ನು ನಿಲ್ಲಿಸಿದ ಮೇಲೆ ಮರಿಯಾ, ಕೆಲವು ಮಕ್ಕಳು ಹಾಗೂ ವಾಸ್ನರ್ ಗುರುಗಳು ಧರ್ಮಪ್ರಚಾರದ ಸೇವೆಗಾಗಿ ನ್ಯೂಗಿನಿ ದ್ವೀಪಕ್ಕೆ ತೆರಳಿದರು. ಮರಿಯಾ ಹಿಂದಿರುಗಿ ಸ್ಟೋದಲ್ಲಿ ನೆಲೆಸಿ, 1987ರ ಮಾರ್ಚ್ 28ರಂದು ತಮ್ಮ 82ನೆಯ ವಯಸ್ಸಿನಲ್ಲಿ ದೈವಾಧೀನರಾದರು. ಪತಿಯ ಸಮಾಧಿಯ ಬಳಿ ಅವರ ಸಮಾಧಿಯಿದೆ.

ಇನ್ನು ಆ ನಿತ್ರಾಣ ಹುಡುಗಿಯ ಮಾತು. ಶಾಲೆಗೆ ನಡೆಯಲಾರದವಳೆಂದು ಯಾರಿಗಾಗಿ ಶಿಕ್ಷಕಿಯನ್ನು ಕರೆಸಿದರೋ ಆ ಮಗಳು ಮರಿಯಾ, ನ್ಯೂಗಿನಿಯಲ್ಲಿ ಸುಮಾರು ಮೂವತ್ತು ವರ್ಷ ಶ್ರೀಸಾಮಾನ್ಯ ಸೇವಕಿಯಾಗಿ ದುಡಿದು, ಏಳು ಮಂದಿಯಲ್ಲಿ ಕಡೆಯವರಾಗಿ 2014ರ ಫೆಬ್ರವರಿಯಲ್ಲಿ, 99ನೆಯ ವಯಸ್ಸಿನಲ್ಲಿ ಪ್ರಭುವಿನಲ್ಲಿ ನಿದ್ರಿಸಿದರು. ಇದನ್ನು ಯಾವ ಚಿತ್ರವೂ ತೋರಿಸಿಲ್ಲ.

ಪ್ರಿಯ ಬಾಂಧವರೇ, ಈ ಚಿತ್ರ ಜನರನ್ನು ಇಂದಿಗೂ ಏಕೆ ಸೆಳೆಯುತ್ತದೆಂದು ಕೇಳಿದರೆ, ಒಟ್ಟಿಗೆ ಹಾಡುವ ಮನೆಯನ್ನು ಕಂಡು ಪ್ರತಿಯೊಬ್ಬರ ಹೃದಯವೂ ಹಂಬಲಿಸುವುದರಿಂದ ಎಂದು ನಾವು ತಿಳಿಯುತ್ತೇವೆ. ಆ ಮನೆ ಮೊದಲು ಒಟ್ಟಿಗೆ ಪ್ರಾರ್ಥಿಸಿತು. ಆದ್ದರಿಂದಲೇ ಒಟ್ಟಿಗೆ ಇಲ್ಲವೆನ್ನುವ ಧೈರ್ಯವೂ ಅದಕ್ಕೆ ಬಂತು. ನೂರು ವರ್ಷಗಳ ಕಾಲ ನಮ್ಮ ಹಿರಿಯರು ಸಂಜೆಯ ದೀಪ ಹಚ್ಚಿ, ಮಕ್ಕಳನ್ನು ಕೂರಿಸಿಕೊಂಡು, ಜಪಸರ ಹೇಳಿ ದೇವಮಾತೆಯ ಕೀರ್ತನೆಯನ್ನು ಹಾಡಿದರು. ದೂರದರ್ಶನ ಮತ್ತು ಮೊಬೈಲುಗಳ ಸದ್ದಿನ ನಡುವೆ ಆ ಹಾಡು ಎಷ್ಟು ಮನೆಗಳಲ್ಲಿ ಉಳಿದಿದೆ? ಶತಮಾನೋತ್ಸವದ ಈ ವರ್ಷ ಪ್ರತಿಯೊಂದು ಕುಟುಂಬವೂ ದಿನಕ್ಕೊಮ್ಮೆಯಾದರೂ ಕೂಡಿ ಪ್ರಾರ್ಥಿಸಲಿ, ಬಂದಷ್ಟು ರಾಗದಲ್ಲಿ ಕೂಡಿ ಹಾಡಲಿ ಎಂದು ನಾವು ಪ್ರಭುವಿನಲ್ಲಿ ಬೇಡುತ್ತೇವೆ.