ಬಡ್ತಿಗೆ 15,000 ಡಾಲರ್!

ಪೋಲೀಸ್ ಬಡ್ತಿಗೂ ರೇಟು ಇತ್ತು ಅಂದ್ರೆ ನಂಬ್ತೀರಾ ಸ್ವಾಮಿ? ಊರು ಅಮೆರಿಕದ ನ್ಯೂಯಾರ್ಕ್, ವರ್ಷ 1894. ಪೋಲೀಸ್ ಇಲಾಖೆಯ ಹುಳುಕು ಹುಡುಕಲು ರಾಜ್ಯದ ಸೆನೆಟ್ ನೇಮಿಸಿದ್ದ ಲೆಕ್ಸೋ ಸಮಿತಿಯ ಮುಂದೆ ಕ್ಯಾಪ್ಟನ್ ಕ್ರೀಡನ್ ಬಾಯಿಬಿಟ್ಟ. ಈತ ಅಂತರ್ಯುದ್ಧದಲ್ಲಿ ಕಾದಾಡಿದ್ದ ಹಳೇ ಸಿಪಾಯಿ. ಬಡ್ತಿ ಪರೀಕ್ಷೆಯಲ್ಲಿ ಒಳ್ಳೇ ಮಾರ್ಕ್ಸೂ ಬಂದಿತ್ತು. ಆದ್ರೂ ಕ್ಯಾಪ್ಟನ್ ಕುರ್ಚಿ ಸಿಕ್ಕಿದ್ದು 15,000 ಡಾಲರ್ ಎಣಿಸಿದ ಮೇಲೇ!

ಕೊಟ್ಟವನು ಸುಮ್ನಿರ್ತಾನಾ? ಹಾಕಿದ ಬಂಡವಾಳ ಎತ್ತಬೇಕಲ್ಲ! ಅದು ಹೊರಟದ್ದು ಹೆಂಡದಂಗಡಿಯವರಿಂದ, ತಳ್ಳುಗಾಡಿಯವರಿಂದ, ಬೂಟ್ ಪಾಲಿಶ್ ಹುಡುಗರಿಂದ. ಮೇಲೆ ಮಾರಿದ ಕುರ್ಚಿಗೆ ಬೆಲೆ ತೆತ್ತವನು ಕೆಳಗಿನ ಅಂಗಡಿಯವನು.

ಇಂಥ ಹೊತ್ತಲ್ಲಿ, 1895ರ ಮೇ ತಿಂಗಳಲ್ಲಿ, ಪೋಲೀಸ್ ಮಂಡಳಿಯ ಅಧ್ಯಕ್ಷರಾಗಿ ಬಂದವರು ಥಿಯೋಡೋರ್ ರೂಸ್‌ವೆಲ್ಟ್. ವಯಸ್ಸು 36. ಅದೇ ಊರಲ್ಲಿ 1858ರಲ್ಲಿ ಹುಟ್ಟಿದವರು. ಅದಕ್ಕೆ ಮುಂಚೆ ಆರು ವರ್ಷ ವಾಷಿಂಗ್ಟನ್‌ನಲ್ಲಿ ಸಿವಿಲ್ ಸರ್ವಿಸ್ ಕಮಿಷನರ್. ಪಕ್ಷದವರ ಚೀಟಿ ನೋಡಿ ಕೆಲಸ ಕೊಡೋದಲ್ಲ, ಪರೀಕ್ಷೆ ಮಾಡಿ ಕೊಡಬೇಕು ಅನ್ನೋ 1883ರ ಕಾಯಿದೆಯನ್ನು ಹಟ ಹಿಡಿದು ಜಾರಿ ಮಾಡಿದ್ದ ಆಸಾಮಿ.

ಬಂದ ತಿಂಗಳಲ್ಲೇ ದೊಡ್ಡ ತಲೆಯೊಂದು ಉರುಳಿತು. ಪತ್ತೇದಾರಿ ವಿಭಾಗ ಕಟ್ಟಿ ಬೆಳೆಸಿದ ಥಾಮಸ್ ಬರ್ನ್ಸ್ ಆಗ ಇಡೀ ಪೋಲೀಸಿಗೇ ಮುಖ್ಯಸ್ಥ. ಆತನ ಆಸ್ತಿ ಸುಮಾರು ಮೂರೂವರೆ ಲಕ್ಷ ಡಾಲರ್ ಎಂದು ಸಮಿತಿಯ ಮುಂದೇ ಬಯಲಾಗಿತ್ತು. ಬರ್ನ್ಸ್ ಮನೆಗೆ ನಡೆದ.

ಆಮೇಲೆ ರೂಸ್‌ವೆಲ್ಟ್ ಸಾಹೇಬರು ನಡುರಾತ್ರಿ ಬೀದಿ ಸುತ್ತತೊಡಗಿದರು. ಬೀಟಿನಲ್ಲಿ ನಿದ್ದೆ ಹೊಡೆಯೋನು, ಹೆಂಡದಂಗಡಿಯಲ್ಲಿ ಹರಟೆ ಹೊಡೆಯೋನು ಖುದ್ದಾಗಿ ಸಿಕ್ಕಿಬಿದ್ದ. ಭರ್ತಿಗೆ ಪರೀಕ್ಷೆ, ದೇಹದಾರ್ಢ್ಯ ತಪಾಸಣೆ ಬಿಗಿಯಾದವು. ಬಡ್ತಿಗೆ ಕೆಲಸವೇ ಶಿಫಾರಸು.

ಅವರ ಕಾಲದಲ್ಲೇ, 1895ರಲ್ಲಿ, ಜೋಸೆಫ್ ಪೆಟ್ರೊಸಿನೊ ಡಿಟೆಕ್ಟಿವ್ ಆದ. ಇಟಲಿಯಿಂದ ವಲಸೆ ಬಂದ ಬಡವ, ಬೀದಿ ಗುಡಿಸಿದವ, ಪೋಲೀಸಿಗೆ ಬೇಕಾದಷ್ಟು ಎತ್ತರವೂ ಇರಲಿಲ್ಲ. ಆದರೆ ಇಟಲಿಯವರ ಕೇರಿಯ ಭಾಷೆ ಬಲ್ಲವ. ಮುಂದೆ ಸುಲಿಗೆ ಗುಂಪುಗಳ ಬೆನ್ನುಹತ್ತಿ ಹೋದವನನ್ನು 1909ರ ಮಾರ್ಚ್ 12ರಂದು ಸಿಸಿಲಿಯ ಪಲೆರ್ಮೊದಲ್ಲಿ ಗುಂಡಿಟ್ಟು ಕೊಂದರು. ನ್ಯೂಯಾರ್ಕಿನಲ್ಲಿ ಶವಯಾತ್ರೆಗೆ ಲಕ್ಷಗಟ್ಟಲೆ ಜನ.

ಎಲ್ಲಾ ಸಲೀಸಾಗಿ ನಡೀತು ಅಂದ್ಕೋಬೇಡಿ. ಮಂಡಳಿಯಲ್ಲಿ ನಾಲ್ವರು. ಅದರಲ್ಲಿ ಆಂಡ್ರ್ಯೂ ಪಾರ್ಕರ್ ಎಂಬಾತ ಅಡ್ಡಗಾಲು ಹಾಕಿದ. 1896ರಲ್ಲಿ ದೊಡ್ಡ ಹುದ್ದೆಗಳ ಬಡ್ತಿಯೇ ನಿಂತುಹೋಯಿತು. ಭಾನುವಾರ ಹೆಂಡದಂಗಡಿ ಮುಚ್ಚಿಸಿದ್ದಕ್ಕೆ ಜನರೂ ಮುನಿದರು. ಬೇಸತ್ತ ರೂಸ್‌ವೆಲ್ಟ್ 1897ರಲ್ಲಿ ನೌಕಾ ಇಲಾಖೆಗೆ ಹೊರಟರು. 1901ರಲ್ಲಿ ಅಮೆರಿಕದ ಅಧ್ಯಕ್ಷರಾದರು, 1906ರಲ್ಲಿ ನೊಬೆಲ್ ಶಾಂತಿ ಬಹುಮಾನ ಪಡೆದರು, 1919ರ ಜನವರಿ 6ರಂದು ತೀರಿಕೊಂಡರು.

ಅವರು ಹೋದ ಮೇಲೆ ಹಳೇ ಚಾಳಿ ಮತ್ತೆ ತಲೆ ಎತ್ತಿತು ನಿಜ. ಆದರೆ ಒಂದು ಮಾತು. ಕ್ರೀಡನ್ ಪಾಸಾದಾಗಲೂ ಪರೀಕ್ಷೆ ಇತ್ತು, ರೂಲ್ಸ್ ಇತ್ತು. ಇಲ್ಲದ್ದು ಅದನ್ನು ನಡೆಸೋ ಗಂಡೆದೆ ಮಾತ್ರ. ಅದು ಎರಡೇ ವರ್ಷ ಇದ್ರೂ ಬೀದಿ ಗುಡಿಸಿದವನು ಡಿಟೆಕ್ಟಿವ್ ಆಗಬಹುದು ಅಂತ ಊರಿಗೆ ಗೊತ್ತಾಯ್ತಲ್ಲ, ಅಷ್ಟು ಸಾಲದೇ?