ಕೃಷಿಯಂತ್ರವಿದ್ಯೆಯ ಮೂಲಪುರುಷರಾದ ಜೆ. ಬಿ. ಡೇವಿಡ್‌ಸನ್ನರು

ನೇಗಿಲು ಮಾನವನ ಅತಿ ಪ್ರಾಚೀನವಾದ ಉಪಕರಣಗಳಲ್ಲಿ ಒಂದು. ಸಾಮ್ರಾಜ್ಯಗಳು ಹುಟ್ಟುವುದಕ್ಕೆ ಮೊದಲೇ ಅದು ಹುಟ್ಟಿತು. ಅವು ಅಳಿದ ಮೇಲೆಯೂ ಅದು ಉಳಿಯಿತು. ಆದರೆ ಆ ನೇಗಿಲನ್ನೂ ಅದನ್ನು ಎಳೆಯುವ ಬಲವನ್ನೂ ಅದು ಸೀಳುವ ನೆಲವನ್ನೂ ಕುರಿತು ಒಬ್ಬ ತರುಣನು ನಾಲ್ಕು ವರ್ಷಗಳ ಕಾಲ ಗುರುಮುಖದಿಂದ ವ್ಯಾಸಂಗಮಾಡಿ, ಪರೀಕ್ಷೆಗಳಲ್ಲಿ ತೇರ್ಗಡೆ ಹೊಂದಿ, ವಿಶ್ವವಿದ್ಯೆಯ ಪದವಿಯನ್ನು ಪಡೆಯಬಹುದೆಂಬ ಭಾವನೆಯು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಹುಮಂದಿ ವಿದ್ವಾಂಸರಿಗೆ ವಿಚಿತ್ರವಾಗಿಯೇ ತೋರುತ್ತಿದ್ದಿತು. ಆ ಭಾವನೆಯನ್ನು ಕಾರ್ಯರೂಪಕ್ಕೆ ತಂದವರಲ್ಲಿ ಅಗ್ರಗಣ್ಯರು ಅಮೇರಿಕಾ ದೇಶದ ಜೇ ಬ್ರೌನ್‌ಲೀ ಡೇವಿಡ್‌ಸನ್ನರು.

ಇವರು 1880ನೆಯ ಇಸವಿಯಲ್ಲಿ ನೆಬ್ರಾಸ್ಕಾ ಸಂಸ್ಥಾನದ ಡಗ್ಲಾಸ್ ಎಂಬ ಗ್ರಾಮದ ಸಮೀಪದಲ್ಲಿ ಜನಿಸಿದರು. ಆ ಪ್ರಾಂತವು ಆಗ ಹೊಸದಾಗಿ ಸಾಗುವಳಿಗೆ ಬಂದ ಹುಲ್ಲುಗಾವಲಿನ ಸೀಮೆ. ಸಾವಿರಾರು ವರ್ಷಗಳ ಹುಲ್ಲಿನ ಬೇರುಗಳು ಹೆಣೆದುಕೊಂಡಿದ್ದ ಆ ನೆಲವು ಮರದ ನೇಗಿಲಿಗೆ ಬಗ್ಗುವಂತಹುದಲ್ಲ. 1837ರಲ್ಲಿ ಜಾನ್ ಡಿಯರ್ ಎಂಬ ಕಮ್ಮಾರನು ಮಾಡಿದ ಉಕ್ಕಿನ ನೇಗಿಲೂ, 1834ರಲ್ಲಿ ಸೈರಸ್ ಮಕಾರ್ಮಿಕ್ಕನು ಹಕ್ಕುಪತ್ರವನ್ನು ಪಡೆದ ಕೊಯ್ಲಿನ ಯಂತ್ರವೂ, ಒಕ್ಕಣೆಯ ಕಾಲದಲ್ಲಿ ಊರಿಂದೂರಿಗೆ ಸಾಗುತ್ತಿದ್ದ ಉಗಿಯಂತ್ರವೂ ಆ ಸೀಮೆಯ ಒಕ್ಕಲುತನಕ್ಕೆ ಆಧಾರವಾಗಿದ್ದವು. ಜನ ಕಡಿಮೆ, ಭೂಮಿ ವಿಶೇಷ; ಆದಕಾರಣ ಯಂತ್ರವಿಲ್ಲದೆ ಅಲ್ಲಿ ಬಾಳ್ವೆಯೇ ಇಲ್ಲ.

ಹೀಗಿದ್ದರೂ ಆ ಯಂತ್ರಗಳನ್ನು ಕುರಿತ ಶಾಸ್ತ್ರವು ಎಲ್ಲಿಯೂ ಇರಲಿಲ್ಲವೆಂದೇ ಹೇಳಬೇಕು. ಯಂತ್ರವನ್ನು ಮಾಡುವವನು ಕಮ್ಮಾರ ಅಥವಾ ಕಾರಖಾನೆಯ ಒಡೆಯ, ಮಾರುವವನು ದಲ್ಲಾಳಿ, ಕೊಳ್ಳುವವನು ಒಕ್ಕಲಿಗ. ಕೊಂಡ ವಸ್ತುವಿನ ಗುಣದೋಷಗಳನ್ನು ತೂಗಿ ನೋಡುವುದಕ್ಕೆ ಆ ಒಕ್ಕಲಿಗನಿಗೆ ತನ್ನ ಹೊಲದ ಹೊರತು ಬೇರೆ ಪರೀಕ್ಷಾಸ್ಥಾನವಿರಲಿಲ್ಲ; ಒಂದು ಬೆಳೆ ಕೈಬಿಟ್ಟ ಮೇಲೆ ಬಂದ ಜ್ಞಾನವು ಬಹಳ ದುಬಾರಿಯಾದ ಜ್ಞಾನ. 1862ರ ಮಾರಿಲ್ ಶಾಸನದಿಂದ ಕೃಷಿಯನ್ನೂ ಯಂತ್ರಕಲೆಗಳನ್ನೂ ಬೋಧಿಸತಕ್ಕ ವಿದ್ಯಾಲಯಗಳು ಸಂಸ್ಥಾನ ಸಂಸ್ಥಾನಗಳಲ್ಲಿ ಸ್ಥಾಪಿತವಾಗಿದ್ದವು, ನಿಜ. ಆದರೆ ಅಲ್ಲಿ ಕೃಷಿಶಾಖೆಯವರು ಬೀಜ, ಗೊಬ್ಬರ, ದನಕರುಗಳನ್ನು ಕುರಿತು ಬೋಧಿಸುತ್ತಿದ್ದರು. ಯಂತ್ರಶಾಖೆಯವರು ಸೇತುವೆ, ರೈಲುಮಾರ್ಗ, ಉಗಿಯಂತ್ರಗಳನ್ನು ಕುರಿತು ಬೋಧಿಸುತ್ತಿದ್ದರು. ಒಂದೇ ಶಾಸನದಿಂದ ಹುಟ್ಟಿದ ಈ ಎರಡು ವಿದ್ಯೆಗಳು ಒಂದೇ ಆವರಣದಲ್ಲಿ ನೆರೆಹೊರೆಯಾಗಿದ್ದುಕೊಂಡು ಒಂದರ ಮುಖವನ್ನೊಂದು ನೋಡದಂತಿದ್ದವು.

ಡೇವಿಡ್‌ಸನ್ನರು ನೆಬ್ರಾಸ್ಕಾ ವಿಶ್ವವಿದ್ಯಾಲಯದಲ್ಲಿ ಯಂತ್ರಶಾಸ್ತ್ರವನ್ನು ವ್ಯಾಸಂಗಮಾಡಿ 1904ರಲ್ಲಿ ಪದವೀಧರರಾದರು. ಯಂತ್ರಶಾಸ್ತ್ರದ ಪದವೀಧರನಿಗೆ ಆ ಕಾಲದಲ್ಲಿ ಪಟ್ಟಣದ ಕಾರಖಾನೆಯೇ ಸಹಜವಾದ ಗತಿ. ಇವರಾದರೋ ಅದೇ ವಿಶ್ವವಿದ್ಯಾಲಯದಲ್ಲಿ ಕೃಷಿ ವಿದ್ಯಾರ್ಥಿಗಳಿಗೆ ಹೊಲದ ಯಂತ್ರಗಳನ್ನು ಕುರಿತು ಬೋಧಿಸುವ ಕೆಲಸವನ್ನು ಕೈಕೊಂಡರು. ಮರುವರ್ಷ, ಅಂದರೆ 1905ರಲ್ಲಿ, ನೆರೆಯ ಅಯೋವಾ ಸಂಸ್ಥಾನದ ಏಮ್ಸ್ ಪಟ್ಟಣದ ವಿದ್ಯಾಲಯವು ಇವರನ್ನು ಕರೆಯಿಸಿಕೊಂಡು ಕೃಷಿಯಂತ್ರವಿದ್ಯೆಯ ವಿಭಾಗಕ್ಕೆ ಮುಖ್ಯಸ್ಥರನ್ನಾಗಿ ನಿಯಮಿಸಿತು. ಮಾರಿಲ್ ಶಾಸನವನ್ನು ಎಲ್ಲಕ್ಕಿಂತ ಮೊದಲು ಅಂಗೀಕರಿಸಿದ ಸಂಸ್ಥಾನವೇ ಅಯೋವಾ. ಆಗ ಡೇವಿಡ್‌ಸನ್ನರ ವಯಸ್ಸು ಇಪ್ಪತ್ತೈದು. ಕೃಷಿಶಾಖೆಗೆ ಚಾರ್ಲ್ಸ್ ಕರ್ಟಿಸರೂ, ಯಂತ್ರಶಾಖೆಗೆ ಆನ್ಸನ್ ಮಾರ್ಸ್ಟನ್ನರೂ ಡೀನ್ ಆಗಿದ್ದರು. ಇಬ್ಬರೂ ಪ್ರಬಲರು, ಇಬ್ಬರೂ 1932ರ ವರೆಗೆ ಆ ಪೀಠಗಳಲ್ಲಿ ಇದ್ದವರು. ಇಂತಹ ಇಬ್ಬರು ಹಿರಿಯರ ನಡುವೆ ಒಬ್ಬ ತರುಣನು ಮೂರನೆಯ ವಿದ್ಯೆಯನ್ನು ನೆಲೆಗೊಳಿಸಬೇಕಾಗಿದ್ದಿತು.

ಇಲ್ಲಿ ಒಂದು ಪ್ರಶ್ನೆಯನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಬೇಕು. ಹೊಲದ ಯಂತ್ರಗಳ ವಿಷಯವನ್ನು ಕುಲುಮೆಯ ಕೆಲಸ, ಬಡಗಿತನ, ಗಾಡಿಯ ದುರಸ್ತಿ ಇವುಗಳನ್ನು ಕಲಿಸುವ ಕೈಕೆಲಸದ ತರಗತಿಯನ್ನಾಗಿ ಇಟ್ಟುಕೊಂಡಿದ್ದರೆ ಯಾರ ಆಕ್ಷೇಪಣೆಯೂ ಇರುತ್ತಿರಲಿಲ್ಲ. ಅದನ್ನು ಪದವಿಯ ವ್ಯಾಸಂಗವನ್ನಾಗಿ ಮಾಡಬೇಕೆಂದರೆ ಗಣಿತ, ಭೌತಶಾಸ್ತ್ರ, ಬಲಶಾಸ್ತ್ರ, ನಕ್ಷೆ ಬರೆಯುವಿಕೆ, ಭೂಮಾಪನ ಇವುಗಳನ್ನು ಬೇರೆ ಯಂತ್ರಶಾಸ್ತ್ರಿಗಳು ಓದುವಷ್ಟೇ ಓದಿಸಬೇಕು. ಅದರ ಮೇಲೆ ಮಣ್ಣು, ಬೆಳೆ, ಪಶುಗಳ ಜ್ಞಾನವನ್ನೂ ಕೊಡಬೇಕು. ಒಕ್ಕಲಿಗರ ಮಗನು ಇಷ್ಟು ಗಣಿತವನ್ನು ಹೊತ್ತು ಮರಳಿ ಹೊಲಕ್ಕೆ ಬಂದಾನೇ ಎಂಬುದು ಒಂದು ಸಂಶಯ. ಸಗಣಿಯ ವಾಸನೆಯ ವಿಷಯಕ್ಕೆ ಇಷ್ಟು ಗಣಿತವೇಕೆ ಎಂಬುದು ಇನ್ನೊಂದು. ಡೇವಿಡ್‌ಸನ್ನರು ಕಷ್ಟವಾದ ದಾರಿಯನ್ನೇ ಹಿಡಿದರು. ಅವರ ದೀರ್ಘಜೀವನದಲ್ಲಿ ಇದಕ್ಕಿಂತ ದೊಡ್ಡ ನಿರ್ಣಯವು ಮತ್ತೊಂದಿಲ್ಲ.

ಆ ಗಣಿತವು ಏಕೆ ಬೇಕೆಂಬುದಕ್ಕೆ ನೇಗಿಲಿನ ಎಳೆತವೇ ಸಾಕಾದ ಸಾಕ್ಷಿ. 14 ಅಂಗುಲ ಅಗಲದ ನೇಗಿಲು 6 ಅಂಗುಲ ಆಳಕ್ಕೆ ಉಳುವಾಗ ಅದು ಸೀಳುವ ಮಣ್ಣಿನ ಅಡ್ಡಕೊಯ್ತವು 84 ಚದರಂಗುಲ. ಉಸುಕು ನೆಲದಲ್ಲಿ ಪ್ರತಿ ಚದರಂಗುಲಕ್ಕೆ ಸುಮಾರು 3 ಪೌಂಡು ಎಳೆತ ಬೇಕಾದರೆ, ಸಾಧಾರಣ ಮಣ್ಣಿನಲ್ಲಿ 5ರಿಂದ 7 ಪೌಂಡು, ಜಿಗುಟಾದ ಕರಿಮಣ್ಣಿನಲ್ಲಿ 20 ಪೌಂಡಿನ ವರೆಗೂ ಬೇಕಾಗುತ್ತದೆ. ಅಂದರೆ ಒಂದೇ ನೇಗಿಲಿಗೆ ಒಂದು ಹೊಲದಲ್ಲಿ 252 ಪೌಂಡು ಬಲವು ಸಾಕು. ಇನ್ನೊಂದರಲ್ಲಿ 1,680 ಪೌಂಡು ಬೇಕು. ಕುದುರೆಯು ದಿನವೆಲ್ಲ ಬಳಲದೆ ಎಳೆಯಬಲ್ಲುದು ತನ್ನ ತೂಕದ ಹತ್ತರಲ್ಲೊಂದು ಪಾಲು ಮಾತ್ರ. 1,500 ಪೌಂಡು ತೂಕದ ಕುದುರೆಗೆ 150 ಪೌಂಡು. ಎರಡು ಕುದುರೆಗಳ ಕೆಲಸವು ನೆಲ ಬದಲಾದ ಮಾತ್ರದಿಂದ ಹನ್ನೊಂದು ಹನ್ನೆರಡು ಕುದುರೆಗಳ ಕೆಲಸವಾಯಿತು! ಧಾರವಾಡ ವಿಜಾಪುರ ಸೀಮೆಗಳ ಎರೆಭೂಮಿಯಲ್ಲಿ ಹದ ತಪ್ಪಿದ ಮೇಲೆ ರಂಟೆ ಹೂಡಿ ನೋಡಿದವರಿಗೆ ಇದು ಅನುಭವಸಿದ್ಧವಾದ ಮಾತು. ಅವರು ಎತ್ತಿನ ಉಸಿರಿನಿಂದ ತಿಳಿದುದನ್ನು ಏಮ್ಸಿನ ವಿದ್ಯಾರ್ಥಿಯು ನೇಗಿಲಿಗೂ ನೊಗಕ್ಕೂ ನಡುವೆ ಎಳೆತವನ್ನಳೆಯುವ ಯಂತ್ರವನ್ನು ಕಟ್ಟಿ ಅಂಕೆಗಳಲ್ಲಿ ತಿಳಿಯಬೇಕಾಗಿದ್ದಿತು. ಮಣ್ಣನ್ನರಿಯದ ಯಂತ್ರಶಾಸ್ತ್ರಿಗೆ ಈ ಲೆಕ್ಕವು ಸಿಕ್ಕದು. ಲೆಕ್ಕವನ್ನರಿಯದ ಕೃಷಿಕನಿಗೆ ಯಂತ್ರವನ್ನು ತಿದ್ದುವ ಬಗೆ ಸಿಕ್ಕದು.

1907ರ ಡಿಸೆಂಬರಿನಲ್ಲಿ ವಿಸ್ಕಾನ್ಸಿನ್ ಸಂಸ್ಥಾನದ ಮ್ಯಾಡಿಸನ್ ನಗರದಲ್ಲಿ ಈ ವಿಷಯದ ಬೋಧಕರು ಕೆಲವರು ಕಲೆತು ಅಮೇರಿಕದ ಕೃಷಿ ಇಂಜಿನಿಯರುಗಳ ಸಂಘವನ್ನು ಸ್ಥಾಪಿಸಿದರು. ಇಪ್ಪತ್ತೇಳು ವಯಸ್ಸಿನ ಡೇವಿಡ್‌ಸನ್ನರೇ ಅದರ ಪ್ರಥಮಾಧ್ಯಕ್ಷರಾದರು. ಮುಂದಿನ ವರ್ಷ ತಮ್ಮ ಮಿತ್ರರಾದ ನೆಬ್ರಾಸ್ಕಾದ ಲಿಯಾನ್ ವಿಲ್ಸನ್ ಚೇಸರೊಡನೆ ಕೂಡಿ ಹೊಲದ ಯಂತ್ರಗಳನ್ನೂ ಚಾಲಕಯಂತ್ರಗಳನ್ನೂ ಕುರಿತ ಪಠ್ಯಗ್ರಂಥವನ್ನು ಪ್ರಕಟಿಸಿದರು. 1913ರಲ್ಲಿ ಕೃಷಿಶಾಲೆಗಳ ಕಿರಿಯ ವಿದ್ಯಾರ್ಥಿಗಳಿಗಾಗಿ ಇನ್ನೊಂದನ್ನು ಬರೆದರು. ಗ್ರಂಥವಿಲ್ಲದ ವಿದ್ಯೆಯು ಗುರುವಿನೊಡನೆಯೇ ತೀರಿಹೋಗುವುದೆಂಬುದನ್ನು ಅವರು ಚೆನ್ನಾಗಿ ಬಲ್ಲವರಾಗಿದ್ದರೆಂದು ತೋರುತ್ತದೆ.

1910ರಲ್ಲಿ ಏಮ್ಸ್ ವಿದ್ಯಾಲಯವು ಕೃಷಿ ಇಂಜಿನಿಯರಿಂಗಿನಲ್ಲಿ ತನ್ನ ಪ್ರಥಮ ಪದವಿಯನ್ನು ಪ್ರದಾನಮಾಡಿತು. ಅದೇ 1910ರಲ್ಲಿಯೇ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಸೈಕಲ್ಲಿನ ಅಂಗಡಿಯನ್ನು ನಡೆಯಿಸಿದ್ದ ಲಕ್ಷ್ಮಣರಾವ್ ಕಿರ್ಲೋಸ್ಕರರು ಔಂಧ ಸಂಸ್ಥಾನದ ಬಯಲಿನಲ್ಲಿ ಕಬ್ಬಿಣದ ನೇಗಿಲಿನ ಕಾರಖಾನೆಯನ್ನು ಕಟ್ಟಲಾರಂಭಿಸಿದರು. ಒಬ್ಬರನ್ನೊಬ್ಬರು ಅರಿಯದ ಈ ಇಬ್ಬರಿಗೂ ಎದುರಾದ ಸಂಶಯಗಳು ಒಂದೇ ಜಾತಿಯವು. ಕಬ್ಬಿಣವು ನೆಲಕ್ಕೆ ವಿಷವೆಂದು ಕಿರ್ಲೋಸ್ಕರರ ನೇಗಿಲಿಗೆ ರೈತರು ಮೊದಲು ಅಂಜಿದರು. ಅದಕ್ಕೆ ನೂರು ವರ್ಷಗಳ ಹಿಂದೆ ಅಮೇರಿಕಾದ ರೈತರೂ ಎರಕದ ನೇಗಿಲಿಗೆ ಹಾಗೆಯೇ ಅಂಜಿದ್ದರು. ನೆಲವನ್ನು ನಂಬಿ ಬದುಕುವವನು ನೆಲಕ್ಕೆ ತಗಲುವ ಹೊಸ ವಸ್ತುವಿಗೆ ಹೆದರುವುದನ್ನು ಮೌಢ್ಯವೆಂದು ಹಳಿಯುವುದು ಸುಲಭ, ನ್ಯಾಯವಲ್ಲ.

ಡೇವಿಡ್‌ಸನ್ನರ ವಿಭಾಗದ ಕೆಲಸವು ಯಂತ್ರಗಳಿಗೆ ಮಾತ್ರ ಸೀಮಿತವಾಗಿರಲಿಲ್ಲ. ಅಯೋವಾದ ಉತ್ತರಭಾಗವು ನೀರು ನಿಲ್ಲುವ ಜೌಗುನೆಲ. ಸುಟ್ಟ ಮಣ್ಣಿನ ಕೊಳವೆಗಳನ್ನು ಭೂಮಿಯೊಳಗೆ ಹೂತು ನೀರನ್ನು ಬಸಿಯಿಸಿದ ಹೊರತು ಅಲ್ಲಿ ಗೋವಿನ ಜೋಳವು ಬೆಳೆಯದು. ಆ ಕೊಳವೆಗಳ ಇಳಿಜಾರನ್ನೂ ಗಾತ್ರವನ್ನೂ ಗೊತ್ತುಮಾಡುವುದು ಈ ವಿದ್ಯೆಯ ಎರಡನೆಯ ಅಂಗವಾಯಿತು. ಕೊಟ್ಟಿಗೆ, ಕಣಜ, ಮನೆಗಳ ಕಟ್ಟುವಿಕೆಯು ಮೂರನೆಯದು. ಚಳಿಗಾಲಕ್ಕೆ ಹಸಿಮೇವನ್ನು ಕೂಡಿಡುವುದಕ್ಕಾಗಿ ಪೊಳ್ಳು ಇಟ್ಟಿಗೆಗಳಿಂದ ಕಟ್ಟುವ ಗೋಪುರದಂತಹ ಕಣಜವೊಂದನ್ನು ಡೇವಿಡ್‌ಸನ್ನರೂ ಎಂ. ಎಲ್. ಕಿಂಗ್ ಎಂಬವರೂ ಯೋಜಿಸಿದರು. ಅದಕ್ಕೆ ಅಯೋವಾ ಸೈಲೋ ಎಂದೇ ಹೆಸರಾಯಿತು. ಹಳ್ಳಿಗಳಿಗೆ ವಿದ್ಯುಚ್ಛಕ್ತಿಯು ಬಂದ ಮೇಲೆ ಅದು ನಾಲ್ಕನೆಯ ಅಂಗವಾಗಿ ಸೇರಿತು. ಕಾಲಕ್ರಮದಲ್ಲಿ ಈ ವಿಭಾಗವು ಕೃಷಿ ಮತ್ತು ಯಂತ್ರ ಶಾಖೆಗಳೆರಡರ ಜಂಟಿ ಆಶ್ರಯಕ್ಕೆ ಒಳಗಾಯಿತು. ಎರಡು ಮನೆಗಳ ಮಗುವಿಗೆ ಎರಡು ಕಡೆಯೂ ಊಟ ದೊರೆಯುವುದುಂಟು, ಎರಡು ಕಡೆಯೂ ಉಪವಾಸ ಬೀಳುವುದೂ ಉಂಟು; ಇದು ಉಪವಾಸ ಬೀಳದಂತೆ ನೋಡಿಕೊಂಡುದು ಡೇವಿಡ್‌ಸನ್ನರ ಜಾಣ್ಮೆ.

1915ರಿಂದ 1919ರ ವರೆಗೆ ಅವರು ಕ್ಯಾಲಿಫೋರ್ನಿಯಾದ ಡೇವಿಸಿನಲ್ಲಿ ಇದ್ದು, ಆ ಬಳಿಕ ಏಮ್ಸಿಗೆ ಹಿಂದಿರುಗಿದರು. ಅಷ್ಟರಲ್ಲಿ ಟ್ರಾಕ್ಟರಿನ ಯುಗವು ಬಂದಿದ್ದಿತು. 1920ರ ಗಣತಿಯಲ್ಲಿ ಅಮೇರಿಕಾದ ಹೊಲಗಳಲ್ಲಿ 2,46,000 ಟ್ರಾಕ್ಟರುಗಳಿದ್ದವು, 1930ರಲ್ಲಿ 9,20,000. ಈ ಅವಸರದಲ್ಲಿ ಮೋಸವೂ ಬೆಳೆಯಿತು. ಕೆಟ್ಟ ಟ್ರಾಕ್ಟರುಗಳನ್ನು ಕೊಂಡು ನೊಂದ ನೆಬ್ರಾಸ್ಕಾದ ರೈತನೊಬ್ಬನು ಶಾಸನಸಭೆಯ ಸದಸ್ಯನೂ ಆಗಿದ್ದುದರಿಂದ, 1919ರಲ್ಲಿ ಅಲ್ಲಿ ಒಂದು ಶಾಸನವು ಬಂದಿತು: ವಿಶ್ವವಿದ್ಯಾಲಯದಲ್ಲಿ ಪರೀಕ್ಷಿತವಾಗದ ಯಾವ ಮಾದರಿಯ ಟ್ರಾಕ್ಟರನ್ನೂ ಆ ಸಂಸ್ಥಾನದಲ್ಲಿ ಮಾರಕೂಡದು. ಆ ಪರೀಕ್ಷೆಗಳ ಏರ್ಪಾಡಿನಲ್ಲಿ ಡೇವಿಡ್‌ಸನ್ನರ ಸಹಗ್ರಂಥಕರ್ತರಾದ ಚೇಸರದೇ ಮುಖ್ಯಪಾತ್ರ. ದಲ್ಲಾಳಿಯ ಮಾತಿಗೆ ಬದಲಾಗಿ ಅಳತೆಯ ಅಂಕೆಗಳು ರೈತನ ಕೈಗೆ ಬಂದುದು ಈ ವಿದ್ಯೆಯ ನಿಜವಾದ ಪ್ರಯೋಜನಗಳಲ್ಲಿ ಒಂದು.

ಆದರೆ ನಾಣ್ಯದ ಮತ್ತೊಂದು ಮೈಯನ್ನು ಮರೆಮಾಡಲಾಗದು. 1910ರಲ್ಲಿ ಅಮೇರಿಕಾದ ಹೊಲಮನೆಗಳಲ್ಲಿ ಸುಮಾರು 3 ಕೋಟಿ 20 ಲಕ್ಷ ಜನರು ವಾಸವಾಗಿದ್ದರು. 1960ರಲ್ಲಿ ಉಳಿದವರು 1 ಕೋಟಿ 56 ಲಕ್ಷ. ಸುಮಾರು ಎರಡೂವರೆ ಕೋಟಿ ಕುದುರೆ ಹೇಸರಗತ್ತೆಗಳು ಹೊಲದಿಂದ ಮರೆಯಾದವು. ಬೆನ್ನುಮುರಿಯುವ ದುಡಿಮೆಯನ್ನು ಯಂತ್ರವು ನೀಗಿಸಿತೆಂಬುದು ಸತ್ಯ. ದುಡಿಯುವವರನ್ನೇ ಊರು ಬಿಡಿಸಿತೆಂಬುದೂ ಅಷ್ಟೇ ಸತ್ಯ. ಎಲ್ಲ ದೋಷವನ್ನೂ ಯಂತ್ರದ ಮೇಲೆ ಹೊರಿಸುವಂತಿಲ್ಲ. ಬೆಲೆಯ ಕುಸಿತ, ಬರ, ಸಾಲ, ಪಟ್ಟಣದ ಸಂಬಳ ಇವೆಲ್ಲವೂ ಕಾರಣಗಳೇ.

1946ರಲ್ಲಿ ಡೇವಿಡ್‌ಸನ್ನರು ವಿಭಾಗದ ಮುಖ್ಯಸ್ಥಾನದಿಂದ ನಿವೃತ್ತರಾದರು. ವಿಶ್ರಾಂತಿಯ ವಯಸ್ಸು, ಆದರೂ ಅವರು ಚೀನಾ ದೇಶದ ಕಡೆಗೆ ಹೊರಟರು. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯ ಧನಸಹಾಯದಿಂದ ಇಪ್ಪತ್ತು ಮಂದಿ ಚೀನೀ ತರುಣರು ಅಮೇರಿಕಾಕ್ಕೆ ಬಂದು ಅಯೋವಾ ಮತ್ತು ಮಿನ್ನೆಸೋಟಾ ವಿದ್ಯಾಲಯಗಳಲ್ಲಿ ಕೃಷಿ ಇಂಜಿನಿಯರಿಂಗನ್ನು ಕಲಿತರು. ನಾಲ್ವರು ಅಮೇರಿಕನ್ ತಜ್ಞರು ಚೀನಾಕ್ಕೆ ಹೋಗಿ ನಾನ್‌ಕಿಂಗಿನ ವಿದ್ಯಾಪೀಠಗಳಲ್ಲಿ ಆ ವಿದ್ಯೆಯನ್ನು ನೆಲೆಗೊಳಿಸಲು ಯತ್ನಿಸಿದರು. ಆ ಮಂಡಲಿಗೆ ಡೇವಿಡ್‌ಸನ್ನರೇ ಅಧ್ಯಕ್ಷರು. ಸಾವಿರ ಮೈಲಿ ಹುಲ್ಲುಗಾವಲಿನ ಶಾಸ್ತ್ರವನ್ನು ಕಟ್ಟಿದ ವೃದ್ಧರು ಅಂಗೈಯಗಲದ ಗದ್ದೆಗಳ ಮುಂದೆ ನಿಂತರು. ಅಯೋವಾದ ಟ್ರಾಕ್ಟರು ಅಲ್ಲಿ ತಿರುಗುವುದಕ್ಕೂ ಎಡೆಯಿಲ್ಲ. ಕೈಗುದ್ದಲಿ, ನೀರೆತ್ತುವ ಸಾಧನ, ಒಕ್ಕಣೆಯ ಸಣ್ಣ ಯಂತ್ರಗಳಿಂದಲೇ ಆರಂಭಿಸಬೇಕಾದ ದೇಶವದು. ಅಂತಃಕಲಹವು ಪ್ರಬಲಿಸಿ 1948ರಲ್ಲಿ ಆ ಕಾರ್ಯವು ನಡುವೆಯೇ ನಿಂತಿತು. ತಾವು ಕಂಡುದನ್ನು ಅವರೂ ಸಂಗಡಿಗರೂ ಸೇರಿ ಒಂದು ವರದಿಯಾಗಿ 1949ರಲ್ಲಿ ಪ್ರಕಟಿಸಿದರು. ಅಮೇರಿಕಾದಲ್ಲಿ ಕಲಿತ ಆ ಚೀನೀ ತರುಣರಲ್ಲಿ ಹಲವರು ಸ್ವದೇಶಕ್ಕೆ ಹಿಂದಿರುಗಿ, ಆಳಿಕೆಯು ಬದಲಾದ ಮೇಲೆಯೂ ಅಲ್ಲಿ ಈ ವಿದ್ಯೆಯ ಆಚಾರ್ಯರಾದರು.

ಭಾರತದಲ್ಲಿ ಈ ವ್ಯಾಸಂಗವು ಡೇವಿಡ್‌ಸನ್ನರು ನಿವೃತ್ತರಾಗುವುದಕ್ಕೆ ಮೊದಲೇ ಬೇರೂರಿದ್ದಿತು. ಪ್ರಯಾಗದ ಬಳಿ ಯಮುನಾತೀರದ ನೈನಿಯ ಕೃಷಿ ವಿದ್ಯಾಸಂಸ್ಥೆಗೆ 1921ರಲ್ಲಿ ಬಂದ ಮೇಸನ್ ವಾ ಎಂಬ ಅಮೇರಿಕನ್ ಇಂಜಿನಿಯರರು ಎತ್ತಿನ ಬಲಕ್ಕೆ ಹೊಂದುವ ನೇಗಿಲುಗಳನ್ನು ವರ್ಷಗಟ್ಟಲೆ ತಿದ್ದಿ ತೀಡಿ, 1942ರಲ್ಲಿ ಅಲ್ಲಿ ಪದವಿಯ ತರಗತಿಯು ಆರಂಭವಾಗುವಂತೆ ಮಾಡಿದರು. 1952ರಲ್ಲಿ ಖರಗಪುರದಲ್ಲಿ ಎರಡನೆಯ ಕೇಂದ್ರವು ತೆರೆಯಿತು. ಕನ್ನಡನಾಡಿನಲ್ಲಿ ಈ ಪದವಿಗಾಗಿ ಪ್ರತ್ಯೇಕ ಮಹಾವಿದ್ಯಾಲಯವು ತುಂಗಭದ್ರೆ ಕೃಷ್ಣೆಯರ ನಡುವಣ ರಾಯಚೂರಿನಲ್ಲಿ ಸ್ಥಾಪಿತವಾಯಿತು. ಎರೆನೆಲವೂ ಕಾಲುವೆಯ ನೀರೂ ಜೌಗಿನ ಕಾಟವೂ ಒಟ್ಟಿಗೆ ಕೂಡಿರುವ ಸೀಮೆಯದು.

ಡೇವಿಡ್‌ಸನ್ನರು 1957ರಲ್ಲಿ ತಮ್ಮ ಎಪ್ಪತ್ತೇಳನೆಯ ವಯಸ್ಸಿನಲ್ಲಿ ದಿವಂಗತರಾದರು. ಅವರು ಪ್ರಥಮಾಧ್ಯಕ್ಷರಾಗಿದ್ದ ಸಂಘವು 2005ರಲ್ಲಿ ಜೈವಿಕ ಇಂಜಿನಿಯರಿಂಗನ್ನೂ ತನ್ನ ಹೆಸರಿನೊಳಗೆ ಸೇರಿಸಿಕೊಂಡಿತು.