ತಾಯಿಯ ಕೈಗೆ ಅರಿವು ಕೊಟ್ಟ ವೈದ್ಯೆ ಡಾ. ಅನುಪಮಾ ನಿರಂಜನ

ಹನುಮನಹಳ್ಳಿ (ಗಂಗಾವತಿ ತಾ.): ಊರಿಗೆ ಮಗನ ಹೆಸರು, ಪಕ್ಕದ ಬೆಟ್ಟಕ್ಕೆ ತಾಯಿಯ ಹೆಸರು. ಆಂಜನೇಯ ಜನಿಸಿದ ನೆಲವೆಂದು ಭಕ್ತರು ನಂಬುವ ಅಂಜನಾದ್ರಿಯ 575 ಮೆಟ್ಟಿಲುಗಳನ್ನು ಕಂಕುಳಲ್ಲಿ ಕೂಸನ್ನೆತ್ತಿಕೊಂಡು ಏರುವ ತಾಯಂದಿರೂ ಉಂಟು. ಮಗನ ಕೀರ್ತಿಯೊಡನೆ ತಾಯಿಯ ಹೆಸರನ್ನೂ ಉಳಿಸಿಕೊಂಡಿರುವ ಈ ಪರಿಸರದಲ್ಲಿ ವೈದ್ಯೆಯೊಬ್ಬರನ್ನು ನೆನೆಯುವುದು ಉಚಿತವೆನಿಸುತ್ತದೆ. ಮಗುವಿನ ಆರೋಗ್ಯದ ಮಾತು ತಾಯಿಯಿಂದಲೇ ಆರಂಭವಾಗಬೇಕೆಂಬ ನಿಲುವಿನಿಂದ ಕನ್ನಡದಲ್ಲಿ ನಿರಂತರವಾಗಿ ಬರೆದವರು ಅವರು. ಹೆಸರು ಡಾ. ಅನುಪಮಾ ನಿರಂಜನ.

ಸಾಹಿತ್ಯಾಸಕ್ತರಿಗೆ ಅವರು ಕಾದಂಬರಿಗಾರ್ತಿ. ಆದರೆ ಕಾದಂಬರಿಯನ್ನೇ ಓದದ ಎಷ್ಟೋ ಮನೆಗಳಿಗೆ ಅವರು ಪರಿಚಿತರಾದದ್ದು 'ತಾಯಿ-ಮಗು' ಎಂಬ ಪುಸ್ತಕದ ಮೂಲಕ. ಅವರು ತೀರಿಕೊಂಡು ಮೂರು ದಶಕಗಳು ಕಳೆದಿವೆ. ಅವರು ಎತ್ತಿದ ಪ್ರಶ್ನೆಗಳು ಮಾತ್ರ ಹಳತಾಗಿಲ್ಲ.

ಮಲೆನಾಡಿನಿಂದ ಧಾರವಾಡಕ್ಕೆ

ಅನುಪಮಾ ಜನಿಸಿದ್ದು 1934ರ ಮೇ 17ರಂದು, ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿಯಲ್ಲಿ. ಹುಟ್ಟುಹೆಸರು ವೆಂಕಟಲಕ್ಷ್ಮಿ. ಹೆಣ್ಣುಮಕ್ಕಳನ್ನು ಪ್ರೌಢಶಾಲೆಗೆ ಕಳುಹಿಸುವುದೇ ದೊಡ್ಡದೆನಿಸಿದ್ದ ದಿನಗಳಲ್ಲಿ ಅವರು ಮೈಸೂರಿನಲ್ಲಿ ವೈದ್ಯಕೀಯ ಶಿಕ್ಷಣ ಪಡೆದರು. ಸ್ವಾತಂತ್ರ್ಯ ಹೋರಾಟಗಾರ, ಪತ್ರಕರ್ತ ಹಾಗೂ ಪ್ರಗತಿಶೀಲ ಪಂಥದ ಪ್ರಮುಖ ಲೇಖಕ ನಿರಂಜನರನ್ನು ಮೆಚ್ಚಿ ವರಿಸಿದರು. ಕಯ್ಯೂರಿನ ರೈತ ಹೋರಾಟವನ್ನು ಆಧರಿಸಿದ 'ಚಿರಸ್ಮರಣೆ'ಯ ಕರ್ತೃ ನಿರಂಜನರ ನಿಜನಾಮ ಕುಳಕುಂದ ಶಿವರಾವ್. ದಂಪತಿಗೆ ಇಬ್ಬರು ಹೆಣ್ಣುಮಕ್ಕಳು.

ಅನುಪಮಾ ಧಾರವಾಡ ಮತ್ತು ಬೆಂಗಳೂರಿನಲ್ಲಿ ವೈದ್ಯವೃತ್ತಿ ನಡೆಸಿದರು. ಕನ್ನಡ ನಾಡು 1956ರ ನವೆಂಬರ್ 1ರಂದು ಒಂದಾಯಿತು. ಅದಕ್ಕೆ ಮೊದಲು ಧಾರವಾಡವು ಮುಂಬಯಿ ಪ್ರಾಂತ್ಯದಲ್ಲಿದ್ದರೆ, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಗಳು ಹೈದರಾಬಾದ್ ಸಂಸ್ಥಾನದ ರಾಯಚೂರು ಜಿಲ್ಲೆಗೆ ಸೇರಿದ್ದವು. ನಿಜಾಮರ ಆಡಳಿತದಲ್ಲಿ ಉರ್ದುವಿಗೇ ಪ್ರಾಶಸ್ತ್ಯವಿದ್ದುದರಿಂದ ಈ ಭಾಗದಲ್ಲಿ ಕನ್ನಡದ ಅಕ್ಷರವೇ ದುರ್ಲಭವಾಗಿತ್ತು. ಹೆಣ್ಣುಮಕ್ಕಳಿಗಂತೂ ಇನ್ನೂ ದುರ್ಲಭ. ಇನ್ನು ಆರೋಗ್ಯಶಾಸ್ತ್ರ ಇದ್ದದ್ದು ಇಂಗ್ಲಿಷ್ ಗ್ರಂಥಗಳಲ್ಲಿ. ಹೀಗಾಗಿ ಬಸುರಿ, ಬಾಣಂತಿ, ಕೂಸಿನ ಆರೈಕೆ ಸಂಪೂರ್ಣವಾಗಿ ಮನೆಯ ಹಿರಿಯರ ಹಾಗೂ ಸೂಲಗಿತ್ತಿಯರ ಅನುಭವಕ್ಕೆ ಬಿಟ್ಟ ವಿಷಯವಾಗಿತ್ತು. ಆ ಅನುಭವದಲ್ಲಿ ವಿವೇಕವೂ ಇತ್ತು, ಪ್ರಾಣಕ್ಕೆ ಎರವಾಗುವ ತಪ್ಪುಗಳೂ ಇದ್ದವು. ಅವೆರಡನ್ನೂ ಬೇರ್ಪಡಿಸಿ ಹೇಳುವ ಕನ್ನಡದ ದನಿ ಬೇಕಿತ್ತು.

ಹೆರಿಗೆಯ ಅಪಾಯ ಅಕ್ಷರಸ್ಥರ ಮನೆಗಳನ್ನೂ ಬಿಟ್ಟಿರಲಿಲ್ಲ. ಜನಪ್ರಿಯ ಕಾದಂಬರಿಗಾರ್ತಿ ತ್ರಿವೇಣಿ 1963ರಲ್ಲಿ ಹೆಣ್ಣುಮಗುವಿಗೆ ಜನ್ಮವಿತ್ತ ಕೆಲವೇ ದಿನಗಳಲ್ಲಿ, 35 ತುಂಬುವ ಮೊದಲೇ ಅಗಲಿದರು. ಭಾರತದಲ್ಲಿ 1971ರಲ್ಲಿ ಜೀವಂತವಾಗಿ ಹುಟ್ಟಿದ ಪ್ರತಿ ಸಾವಿರ ಶಿಶುಗಳಲ್ಲಿ 129 ಶಿಶುಗಳು ವರ್ಷ ತುಂಬುವುದರೊಳಗೆ ಅಸುನೀಗುತ್ತಿದ್ದವು. 2020ರ ವೇಳೆಗೆ ಈ ಸಂಖ್ಯೆ 28ಕ್ಕೆ ಇಳಿಯಿತು. ಲಸಿಕೆ, ಆಸ್ಪತ್ರೆಯ ಹೆರಿಗೆ, ಆಹಾರ, ನೀರು ಎಲ್ಲವೂ ಇದಕ್ಕೆ ಕಾರಣ. ತಾಯಂದಿರ ತಿಳಿವಳಿಕೆಯ ಪಾಲೂ ಇದರಲ್ಲಿದೆ.

ಪುಸ್ತಕವಾದ ಚಿಕಿತ್ಸಾಲಯ

ವೈದ್ಯೆಯೊಬ್ಬರು ದಿನಕ್ಕೆ ನೋಡಬಹುದಾದ ರೋಗಿಗಳಿಗೆ ಮಿತಿಯುಂಟು. ಪುಸ್ತಕಕ್ಕೆ ಆ ಮಿತಿಯಿಲ್ಲ. 'ವಧುವಿಗೆ ಕಿವಿಮಾತು', 'ದಾಂಪತ್ಯ ದೀಪಿಕೆ', 'ತಾಯಿ-ಮಗು', 'ಕೇಳು ಕಿಶೋರಿ', 'ಸ್ತ್ರೀ ಸ್ವಾಸ್ಥ್ಯ ಸಂಹಿತೆ' ಎಂಬ ಶೀರ್ಷಿಕೆಗಳನ್ನು ಸಾಲಾಗಿ ಇಟ್ಟು ನೋಡಿದರೆ ಹೆಣ್ಣಿನ ಬದುಕಿನ ಒಂದೊಂದು ಘಟ್ಟಕ್ಕೂ ಅನುಪಮಾ ಒಂದೊಂದು ಕೈಪಿಡಿ ಬರೆದಿರುವುದು ಅರಿವಾಗುತ್ತದೆ. ಮುಟ್ಟು, ಬಸಿರು, ಹೆರಿಗೆ ಕುರಿತು ಗಟ್ಟಿಯಾಗಿ ಮಾತನಾಡುವುದೇ ಲಜ್ಜೆಗೇಡಿತನವೆನಿಸಿದ್ದ ಸಮಾಜದಲ್ಲಿ ಇದು ಸಣ್ಣ ಧೈರ್ಯವೇನಲ್ಲ. ಈ ಪೈಕಿ ಹಲವು ಪುಸ್ತಕಗಳು ಮತ್ತೆ ಮತ್ತೆ ಮುದ್ರಣ ಕಂಡವು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ವೈದ್ಯಶಾಸ್ತ್ರ ನಿಂತ ನೀರಲ್ಲ. ಉದಾಹರಣೆಗೆ, ಮೇಲಾಹಾರವನ್ನು ನಾಲ್ಕರಿಂದ ಆರು ತಿಂಗಳ ನಡುವೆ ಆರಂಭಿಸಬಹುದೆಂಬುದು ಹಿಂದಿನ ಸಲಹೆ. ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಅದನ್ನು ಪೂರ್ಣ ಆರು ತಿಂಗಳೆಂದು ನಿಗದಿಪಡಿಸಿತು. ಆದ್ದರಿಂದ ಹಳೆಯ ಆರೋಗ್ಯ ಪುಸ್ತಕ ಯಾರದ್ದೇ ಆಗಿರಲಿ, ಅದರ ಸಲಹೆಯನ್ನು ಇಂದಿನ ವೈದ್ಯರೊಂದಿಗೆ ಪರಿಶೀಲಿಸಿಕೊಳ್ಳುವುದು ಕ್ಷೇಮ.

ಇಂದಿನ ವೈದ್ಯಲೋಕ ಹಸುಗೂಸಿನ ಪಾಲಕರಿಗೆ ಹೇಳುವ ಮಾತುಗಳು ಕೆಲವೇ. ಹೆರಿಗೆಯಾದ ಒಂದು ಗಂಟೆಯೊಳಗೆ ಮೊಲೆಯೂಡಿಸಬೇಕು. ಮೊದಲ ದಿನಗಳ ಹಳದಿ ಬಣ್ಣದ ಗಟ್ಟಿ ಹಾಲು ಕೆಟ್ಟ ಹಾಲಲ್ಲ. ಸೋಂಕಿನಿಂದ ಕಾಯುವ ಶಕ್ತಿ ಅದರಲ್ಲಿದೆ, ಹಿಂಡಿ ಚೆಲ್ಲಬಾರದು. ಆರು ತಿಂಗಳವರೆಗೆ ತಾಯಿಯ ಹಾಲು ಮಾತ್ರ ಸಾಕು. ಬೇಸಿಗೆಯಲ್ಲೂ ನೀರು ಬೇಕಿಲ್ಲ. ಸಕ್ಕರೆ ನೀರು, ಹರಳೆಣ್ಣೆ, ಬಜೆ ತೇಯ್ದ ನೆಕ್ಕು ಬೇಡ. ಜೇನುತುಪ್ಪವನ್ನಂತೂ ವರ್ಷ ತುಂಬುವವರೆಗೆ ಕೊಡಲೇಬಾರದು. ಹೊಕ್ಕುಳಬಳ್ಳಿಗೆ ಬೂದಿ, ಅರಿಶಿನ, ಎಣ್ಣೆ ಹಚ್ಚದೆ ಒಣಗಿದಂತೆ ಇಟ್ಟರೆ ತಾನಾಗಿ ಉದುರುತ್ತದೆ. ಎರೆಯುವಾಗ ಮೂಗು, ಕಿವಿಗಳಿಗೆ ಎಣ್ಣೆ ಬಿಡಬಾರದು. ಮಗುವನ್ನು ಅಂಗಾತ ಮಲಗಿಸಬೇಕು. ಬಾಣಂತಿ ಕೋಣೆಯಲ್ಲಿ ಕೆಂಡದ ಹೊಗೆ ತುಂಬಿಕೊಳ್ಳದಂತೆ ಗಾಳಿಗೆ ದಾರಿಯಿರಬೇಕು.

ಬರೆ ಬೇಡ, ಆಸ್ಪತ್ರೆ ಬೇಕು

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಕೂಸಿನ ಹೊಟ್ಟೆ ಉಬ್ಬರಿಸಿದರೆ, ಬಿಡದೆ ಅತ್ತರೆ ಬರೆ ಹಾಕುವ ಪದ್ಧತಿಯಿತ್ತು. ಇಂದೂ ಅದು ಪೂರ್ತಿ ಅಳಿದಿಲ್ಲ. ಕಾದ ಬಳೆಯ ಚೂರಾಗಲಿ, ಊದಿನಕಡ್ಡಿಯಾಗಲಿ ಯಾವ ರೋಗವನ್ನೂ ಗುಣಪಡಿಸದು. ಸುಟ್ಟ ಗಾಯ ನಂಜೇರುವುದಷ್ಟೇ ಫಲ. ಜ್ವರ ಏರಿ ಮಗುವಿಗೆ ಸೆಳವು ಬಂದಾಗ ಬಾಲಗ್ರಹವೆಂದು ಮಂತ್ರಕ್ಕೆ ಓಡುವುದೂ ಹಾಗೆಯೇ. ಆಗ ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಚಮಚ, ನೀರು, ಈರುಳ್ಳಿ ಯಾವುದನ್ನೂ ತುರುಕದೆ ಆಸ್ಪತ್ರೆಗೆ ಒಯ್ಯಬೇಕು.

ವಾಂತಿಭೇದಿಯಾದಾಗ ಹೊಟ್ಟೆಗೆ ವಿಶ್ರಾಂತಿ ಬೇಕೆಂದು ಹಾಲು, ಅನ್ನ ನಿಲ್ಲಿಸುವುದು ಇನ್ನೊಂದು ತಪ್ಪು. ಮಗುವನ್ನು ಕೊಲ್ಲುವುದು ಭೇದಿಯಲ್ಲ, ದೇಹದ ನೀರು ಬತ್ತುವುದು. ಓಆರ್‌ಎಸ್ ಪುಡಿಯನ್ನು ಪೊಟ್ಟಣದ ಮೇಲೆ ಹೇಳಿದ ಅಳತೆಯ ಶುದ್ಧ ನೀರಿನಲ್ಲಿ ಕರಗಿಸಿ, ಚಮಚದಲ್ಲಿ ಸ್ವಲ್ಪಸ್ವಲ್ಪವಾಗಿ ಕುಡಿಸಬೇಕು. ಮೊಲೆಹಾಲು ಮತ್ತು ಊಟ ಮುಂದುವರಿಯಬೇಕು. ವೈದ್ಯರು ಕೊಡುವ ಜಿಂಕ್ ಮಾತ್ರೆಯನ್ನು ಭೇದಿ ನಿಂತ ಮೇಲೂ ಹೇಳಿದಷ್ಟು ದಿನ ಕೊಡಬೇಕು. ಕಣ್ಣು ಗುಳಿಬಿದ್ದು, ಮಗು ಮಂಕಾಗಿ, ಕುಡಿಯದಂತಾದರೆ ಬೆಳಗಾಗುವವರೆಗೆ ಕಾಯಬಾರದು.

ಆರು ತಿಂಗಳ ಬಳಿಕ ಮೊಲೆಹಾಲಿನ ಜತೆಗೆ ರಾಗಿ ಸರಿ, ಬೇಳೆಯೊಡನೆ ನುಣ್ಣಗೆ ಹಿಚುಕಿದ ಅನ್ನ, ಹಾಲಿನಲ್ಲಿ ನೆನೆಸಿ ಮೆದು ಮಾಡಿದ ಜೋಳದ ರೊಟ್ಟಿ, ಬಾಳೆಹಣ್ಣು, ಸೊಪ್ಪು, ತಿನ್ನುವವರ ಮನೆಯಲ್ಲಿ ಮೊಟ್ಟೆ ಎಲ್ಲವೂ ಸಲ್ಲುತ್ತವೆ. ಪೇಟೆಯ ಡಬ್ಬಿಯೇ ಆಗಬೇಕೆಂದಿಲ್ಲ. ನಡೆಯಲು ಕಲಿತ ಮಗುವಿನ ಕೈಗೆ ಇಡೀ ಶೇಂಗಾ, ಹುರಿಗಡಲೆ ಸಿಗದಂತಿರಬೇಕು. ಉಸಿರುನಾಳಕ್ಕೆ ಸಿಲುಕಿ ಜೀವಕ್ಕೇ ಕುತ್ತಾಗಬಹುದು. ತಂಪು ಪಾನೀಯದ ಬಾಟಲಿಯಲ್ಲಿ ಕ್ರಿಮಿನಾಶಕ, ಸೀಮೆಎಣ್ಣೆ ತುಂಬಿಡುವುದು ಕೃಷಿಕರ ಮನೆಗಳಲ್ಲಿ ಕಾಣುವ ಅಪಾಯಕಾರಿ ರೂಢಿ. ತುಂಬಿದ ಬಕೆಟ್, ಮುಚ್ಚಳವಿಲ್ಲದ ನೀರಿನ ತೊಟ್ಟಿಯೂ ಅಷ್ಟೇ ಅಪಾಯ.

ಸಲಹೆ ಯಾರ ಕಿವಿಗೆ?

ಇಷ್ಟೆಲ್ಲ ತಿಳಿದರೆ ಸಾಕೇ? ಅನುಪಮಾ ಅವರ ಬದುಕನ್ನು ಬರೀ ವೈದ್ಯೆಯ ಬದುಕೆಂದು ನೋಡಿದರೆ ಈ ಪ್ರಶ್ನೆಗೆ ಉತ್ತರ ದೊರೆಯದು. ಹಳದಿ ಹಾಲನ್ನು ಚೆಲ್ಲಬಾರದೆಂದು ಬಾಣಂತಿಗೆ ಗೊತ್ತಿದ್ದರೂ ಅತ್ತೆಯ ಮಾತು ಮೀರಲಾಗದಿದ್ದರೆ ಆ ತಿಳಿವಳಿಕೆ ಅಲ್ಲಿಗೇ ನಿಲ್ಲುತ್ತದೆ. ಹಸಿರು ಸೊಪ್ಪು, ಹಾಲು ಬೇಕೆಂದು ಗೊತ್ತಿದ್ದರೂ ಎಲ್ಲರದೂ ಊಟವಾದ ಮೇಲೆ ಉಳಿದದ್ದನ್ನು ಉಣ್ಣುವವಳಿಗೆ ಅದು ಉಳಿಯದು. ಹದಿನೆಂಟು ತುಂಬುವ ಮೊದಲೇ ಮದುವೆಯಾದ ಹುಡುಗಿ ತಾನೇ ಇನ್ನೂ ಬೆಳೆಯಬೇಕಾದ ಮಗು.

ಅನುಪಮಾ ತಮ್ಮ ಕಾದಂಬರಿಗಳಲ್ಲಿ ಕೈಹಾಕಿದ್ದು ಈ ಕಡೆಗೆ. 'ಮಾಧವಿ'ಯಲ್ಲಿ ಅವರು ಮಹಾಭಾರತದ ಒಂದು ಉಪಾಖ್ಯಾನವನ್ನು ಎತ್ತಿಕೊಂಡರು. ಯಯಾತಿಯ ಮಗಳು ಮಾಧವಿಯನ್ನು ಗಾಲವನು ಗುರುದಕ್ಷಿಣೆಯ ಕುದುರೆಗಳಿಗಾಗಿ ಒಬ್ಬ ಅರಸನಿಂದ ಇನ್ನೊಬ್ಬನಿಗೆ ಒಪ್ಪಿಸುತ್ತಾ ಹೋಗುತ್ತಾನೆ. ಹೆತ್ತ ಒಂದೊಂದು ಮಗುವನ್ನೂ ಬಿಟ್ಟು ಆಕೆ ಮುಂದೆ ನಡೆಯಬೇಕು. ಪುರಾಣ ಅದನ್ನು ಗಂಡಸರ ಧರ್ಮನಿಷ್ಠೆಯ ಕಥೆಯಾಗಿ ಹೇಳಿತು. ಅನುಪಮಾ ಅದನ್ನು ತಾಯಿಯ ಕಡೆಯಿಂದ ನೋಡಿದರು. ಅವರ 'ಋಣಮುಕ್ತಳು' ಕೃತಿಯನ್ನು ಪುಟ್ಟಣ್ಣ ಕಣಗಾಲ್ 1984ರಲ್ಲಿ ಚಲನಚಿತ್ರವಾಗಿಸಿದರು. ಆರೋಗ್ಯದ ಕೈಪಿಡಿ ಮತ್ತು ಕಾದಂಬರಿ ಅವರಿಗೆ ಎರಡು ಬೇರೆ ಕೆಲಸಗಳಾಗಿರಲಿಲ್ಲ. ಮೊದಲನೆಯದು ಹೆಣ್ಣಿಗೆ ತಿಳಿಯಬೇಕಾದುದನ್ನು ಹೇಳಿತು. ಎರಡನೆಯದು ತಿಳಿದದ್ದನ್ನು ನಡೆಸಲು ಅವಳಿಗೆ ಇರುವ ಅಡ್ಡಿಗಳನ್ನು ತೋರಿತು.

ದಿನಕ್ಕೊಂದು ಕಥೆ

ಮಗುವಿಗೆ ಹಾಲು, ಲಸಿಕೆಯಂತೆಯೇ ಮಾತೂ ಬೇಕು. 12 ಸಂಪುಟಗಳ 'ದಿನಕ್ಕೊಂದು ಕಥೆ' ಮಾಲಿಕೆಯಲ್ಲಿ ಅನುಪಮಾ ವರ್ಷದ ಪ್ರತಿ ದಿನಕ್ಕೂ ಒಂದರಂತೆ ಮಕ್ಕಳಿಗಾಗಿ ಕಥೆಗಳನ್ನು ನೀಡಿದರು. ತಿಂಗಳಿಗೊಂದು ಸಂಪುಟ, ದಿನಕ್ಕೊಂದು ಕಥೆ ಎಂಬ ಯೋಜನೆಯಲ್ಲೇ ಪಾಲಕರಿಗೊಂದು ಪಾಠವಿದೆ. ಹಬ್ಬಕ್ಕೊಮ್ಮೆ ತರುವ ದುಬಾರಿ ಆಟಿಕೆಗಿಂತ ನಿತ್ಯದ ಹತ್ತು ನಿಮಿಷ ಮೇಲು. ಮೂರರಿಂದ ಆರು ವರ್ಷದ ಮಕ್ಕಳು ಒಂದೇ ಕಥೆಯನ್ನು ಹತ್ತು ಬಾರಿ ಕೇಳುತ್ತಾರೆ, ಬೇಸರಿಸದೆ ಹೇಳಬೇಕು. ನಡುವೆ ನಿಲ್ಲಿಸಿ ಮುಂದೇನಾಯಿತೆಂದು ಮಗುವನ್ನೇ ಕೇಳಬೇಕು. ಓದುಬರಹ ಬಾರದ ಅಜ್ಜಿಯೂ ಇದಕ್ಕೆ ಒಳ್ಳೆಯ ಗುರು. ಮಗುವಿನ ಕೈಗೆ ಮೊಬೈಲ್ ಕೊಟ್ಟು ಊಟ ಮಾಡಿಸುವ ಇಂದಿನ ಮನೆಗಳಿಗೆ ಈ ಪಾಠ ಇನ್ನಷ್ಟು ಅಗತ್ಯ.

ಕೊನೆಯ ದಿನಗಳು

ಅನುಪಮಾ ಅವರ ಬದುಕು ಸುಗಮವಾಗಿರಲಿಲ್ಲ. ಪತಿ ನಿರಂಜನರು ಪಾರ್ಶ್ವವಾಯು ಪೀಡಿತರಾಗಿ ಗಾಲಿಕುರ್ಚಿ ಹಿಡಿದರು. ವೃತ್ತಿ, ಸಂಸಾರ, ಪತಿಯ ಶುಶ್ರೂಷೆ, ಬರವಣಿಗೆ ನಾಲ್ಕನ್ನೂ ಅವರು ಹೊತ್ತರು. ಆ ಅನುಭವಗಳನ್ನು 'ಬರಹಗಾರ್ತಿಯ ಬದುಕು' ಎಂಬ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ಸೋವಿಯತ್ ಲ್ಯಾಂಡ್ ನೆಹರೂ ಪ್ರಶಸ್ತಿ ಅವರಿಗೆ ಸಂದಿತು. ಕ್ಯಾನ್ಸರ್‌ನೊಂದಿಗೆ ಸೆಣಸಿದ ಅವರು 1991ರ ಫೆಬ್ರುವರಿಯಲ್ಲಿ ಕೊನೆಯುಸಿರೆಳೆದರು. ಆಗ ಅವರಿಗೆ 56 ವರ್ಷ. ಕರ್ನಾಟಕ ಲೇಖಕಿಯರ ಸಂಘ ಅವರ ಹೆಸರಿನಲ್ಲಿ ಪ್ರಶಸ್ತಿ ನೀಡುತ್ತಾ ಬಂದಿದೆ.

ಅವರು ಬರೆಯಲಾರಂಭಿಸಿದಾಗ ಇಲ್ಲದಿದ್ದ ಅನೇಕ ಸೌಲಭ್ಯಗಳು ಇಂದು ಹಳ್ಳಿಗೆ ಬಂದಿವೆ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರಲ್ಲಿ ಅಂಗನವಾಡಿಗಳನ್ನು ತಂದಿತು. ಗ್ರಾಮೀಣ ಆರೋಗ್ಯ ಅಭಿಯಾನ 2005ರಲ್ಲಿ ಆಶಾ ಕಾರ್ಯಕರ್ತೆಯರನ್ನು ಮನೆಬಾಗಿಲಿಗೆ ಕಳುಹಿಸಿತು. ಬಸುರಿ, ಬಾಣಂತಿಯರಿಗೆ ಬಿಸಿಯೂಟ ನೀಡುವ ಮಾತೃಪೂರ್ಣ ಯೋಜನೆ ರಾಜ್ಯದಲ್ಲಿ 2017ರಲ್ಲಿ ಜಾರಿಗೆ ಬಂತು. ಹುಟ್ಟಿದಾಗ, ನಂತರ 6, 10, 14ನೇ ವಾರಗಳಲ್ಲಿ, ಮುಂದೆ 9ನೇ ತಿಂಗಳಲ್ಲಿ, ಒಂದೂವರೆ ವರ್ಷದ ಸುಮಾರಿಗೆ ಹಾಗೂ ಐದು ದಾಟಿದಾಗ ಲಸಿಕೆಗಳನ್ನು ಸರ್ಕಾರ ಉಚಿತವಾಗಿ ಕೊಡುತ್ತದೆ. ಈ ದಿನಗಳನ್ನು ಗುರುತಿಸಿದ ತಾಯಿ ಕಾರ್ಡನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು.

ಇವೆಲ್ಲವೂ ಫಲಿಸಬೇಕಾದರೆ ಲಸಿಕೆಯ ದಿನ ಅಂಗನವಾಡಿಗೆ ತಾಯಿಯೊಬ್ಬಳೇ ಹೋಗುವ ಪರಿಪಾಠ ಬದಲಾಗಬೇಕು. ಗಂಡನೂ ಅತ್ತೆಯೂ ಜತೆಗೆ ಹೋಗಿ, ಅಲ್ಲಿ ಹೇಳಿದ್ದನ್ನು ತಾವೂ ಕೇಳಿಸಿಕೊಂಡರೆ ಮನೆಗೆ ಬಂದ ಮೇಲೆ ಅವಳು ಒಬ್ಬಳೇ ವಾದಿಸಬೇಕಾಗುವುದಿಲ್ಲ. 'ತಾಯಿ-ಮಗು' ಬರೆದ ವೈದ್ಯೆಗೆ ಸಲ್ಲಿಸಬಹುದಾದ ಗೌರವ ಇದಕ್ಕಿಂತ ಬೇರೊಂದಿಲ್ಲ.